ಹೊಸ ರೈಲು ಕೊಳ್ಳದೆ ಗಂಟೆಗೆ ಮೂರು ರೈಲು ಜಾಸ್ತಿ ಓಡಿಸಿದ್ದು

ಬೆಳಗಿನ ಪೀಕ್ ಅವರ್‌ನಲ್ಲಿ ಗಂಟೆಗೆ 24 ರೈಲು ಓಡುತ್ತಿದ್ದ ನಮ್ಮ ಸುರಂಗ ಮೆಟ್ರೊ ಲೈನಿನಲ್ಲಿ ಈಗ 27 ಓಡುತ್ತಿವೆ. ಸಿಗ್ನಲಿಂಗ್ ಹಳೆಯದೇ. ಹೊಸ ರೈಲು ಒಂದೂ ಬಂದಿಲ್ಲ. ರೈಲಿಗೆ 1500 ಜನ ಅಂತ ಹಿಡಿದರೂ ಒಂದು ದಿಕ್ಕಿಗೆ ಗಂಟೆಗೆ 4500 ಜನ ಜಾಸ್ತಿ. ಇದೆಲ್ಲ ಕಾಗದದ ಮೇಲಷ್ಟೇ ಅಂದವರು ಬಹಳ ಜನ. ಅವರಿಗಾಗಿಯೇ ಬರೆಯುತ್ತಿದ್ದೇನೆ.

ರೈಲುಗಳ ನಡುವಿನ ಅಂತರ ಕಾಯುವ ನಮ್ಮ ಸಿಗ್ನಲಿಂಗ್ 120 ಸೆಕೆಂಡಿಗೊಂದು ರೈಲು ಬಿಡಬಲ್ಲದು. ನಾವು 150ರಲ್ಲೇ ಒದ್ದಾಡುತ್ತಿದ್ದೆವು. ಎಲ್ಲರೂ ಸುರಂಗದ ಕಡೆ ನೋಡುತ್ತಿದ್ದಾಗ ನಾನು ಸ್ಟಾಪ್‌ವಾಚ್ ಹಿಡಿದು ಇಂಟರ್‌ಚೇಂಜ್ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ನಿಂತೆ. ಟೈಮ್‌ಟೇಬಲ್‌ನಲ್ಲಿ ನಿಲುಗಡೆ 30 ಸೆಕೆಂಡು. ನಿಜವಾಗಿ 50 ದಾಟುತ್ತಿತ್ತು. ಅದೂ ಎಸ್ಕಲೇಟರ್ ಎದುರಿನ ಎರಡೇ ಬಾಗಿಲುಗಳಿಂದ! ಉಳಿದ ಕಡೆ 25 ಸೆಕೆಂಡಿಗೇ ಹತ್ತುವವರು ಮುಗಿದಿರುತ್ತಿದ್ದರು. ಆ ಎರಡು ಬಾಗಿಲಿಗಾಗಿ ಇಡೀ ರೈಲು ಕಾಯುತ್ತಿತ್ತು, ಹಿಂದಿನದು ಸುರಂಗದಲ್ಲಿ ನಿಂತಿರುತ್ತಿತ್ತು.

ಮೊದಲು ಅನೌನ್ಸ್‌ಮೆಂಟ್ ಹಾಕಿಸಿದೆವು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲು ಬೇಗ ಮುಚ್ಚಿಸಿ ನೋಡಿದೆವು. ಬ್ಯಾಗು, ಕೈ ಸಿಕ್ಕಿ ಬಾಗಿಲು ಮತ್ತೆ ತೆರೆದುಕೊಳ್ಳುತ್ತಿತ್ತು, ಪ್ರತಿ ಸಲಕ್ಕೂ ಎಂಟು ಹತ್ತು ಸೆಕೆಂಡು ದಂಡ. ಕೊನೆಗೆ ಕೆಲಸ ಮಾಡಿದ್ದು ಎಸ್ಕಲೇಟರ್. ಪೀಕ್‌ನಲ್ಲಿ ಅದನ್ನು ಮೇಲೆ ಹೋಗುವ ದಿಕ್ಕಿಗೆ ಮಾತ್ರ ಬಿಟ್ಟು, ಒಳಬರುವವರನ್ನು ಪ್ಲಾಟ್‌ಫಾರಂನ ಇನ್ನೊಂದು ತುದಿಯ ಮೆಟ್ಟಿಲಿಂದ ಇಳಿಸಿದೆವು. ನೆಲಕ್ಕೆ ಬಾಣದ ಗುರುತು, ಬಾಗಿಲ ಬಳಿ ನಾಲ್ಕು ಜನ ಸಿಬ್ಬಂದಿ. ನಿಲುಗಡೆ 35ರ ಆಸುಪಾಸಿಗೆ ಇಳಿಯಿತು. ಬಣ್ಣ ಮತ್ತು ಸಂಬಳದ ಖರ್ಚು, ಹಿಂದೆ ಒಂದು ಕನ್ಸಲ್ಟೆನ್ಸಿ ವರದಿಗೆ ಕೊಟ್ಟ ಹಣದ ಕಾಲು ಭಾಗವೂ ಆಗಲಿಲ್ಲ.

ಆದರೆ ದೊಡ್ಡ ಲಾಭ ಬಂದಿದ್ದು ಲೈನಿನ ಎರಡು ತುದಿಗಳಲ್ಲಿ. ರೈಲು ಬಂದು ನಿಂತ ಮೇಲೆ ಡ್ರೈವರ್ ಬ್ಯಾಗ್ ಎತ್ತಿಕೊಂಡು, ಹತ್ತಲು ನುಗ್ಗುವವರ ನಡುವೆ ದಾರಿ ಮಾಡಿಕೊಂಡು, ಆರು ಬೋಗಿ ದಾಟಿ ಆ ಕಡೆಯ ಕ್ಯಾಬಿಗೆ, ಅಂದರೆ ರೈಲು ಓಡಿಸುವ ಕೋಣೆಗೆ, ಹೋಗಬೇಕಿತ್ತು. ಈಗ ಆ ಕ್ಯಾಬಿನ ಹತ್ತಿರ ಇನ್ನೊಬ್ಬ ಡ್ರೈವರ್ ಮೊದಲೇ ನಿಂತಿರುತ್ತಾನೆ. ಬಂದವನು ಇಳಿದು, ಹಿಂದೆ ಬರುವ ರೈಲನ್ನು ಓಡಿಸಿಕೊಂಡು ಹೋಗುತ್ತಾನೆ. ಒಂದೊಂದು ತುದಿಗೂ ಸುಮಾರು ಎರಡು ನಿಮಿಷ ಉಳಿಯಿತು. ನಿಲುಗಡೆಯಲ್ಲಿ ಉಳಿದದ್ದೂ ಸೇರಿ ರೌಂಡ್ ಟ್ರಿಪ್ 90 ನಿಮಿಷದಿಂದ ಹತ್ತಿರಹತ್ತಿರ 84ಕ್ಕೆ ಬಂತು. ಇದ್ದ 36 ರೈಲಿನ ಜೊತೆ ಡಿಪೋದ ಎರಡು ಸ್ಪೇರ್ ಸೇರಿಸಿದರೆ 38. 84 ನಿಮಿಷಕ್ಕೆ 38 ರೈಲು ಅಂದರೆ ಗಂಟೆಗೆ 27, ಲೆಕ್ಕ ಕೂಡುತ್ತದೆ, ಮಾಡಿ ನೋಡಿ. ಶಿಫ್ಟಿಗೆ ಇಷ್ಟು ಡ್ರೈವರ್ ಜಾಸ್ತಿ ಯಾಕೆ ಅಂತ ಹಣಕಾಸಿನವರು ತಿಂಗಳುಗಟ್ಟಲೆ ಫೈಲು ತಡೆದರು. ಒಂದು ರೈಲಿನ ಬೆಲೆಯ ಪಕ್ಕದಲ್ಲಿ ಆ ಸಂಬಳ ಇಟ್ಟು ತೋರಿಸಿದ ಮೇಲೆ ಸಹಿ ಬಿತ್ತು. ಲಂಡನ್ನಿನ ವಿಕ್ಟೋರಿಯಾ ಲೈನ್ 2017ರಲ್ಲಿ ಗಂಟೆಗೆ 36 ರೈಲಿಗೆ ಏರಿತು. ಅದಕ್ಕೆ ಮೊದಲು ಅವರೂ ವಾಲ್ಥಮ್‌ಸ್ಟೋ ಸೆಂಟ್ರಲ್ ತುದಿಯ ಕ್ರಾಸ್‌ಓವರ್, ಅಂದರೆ ರೈಲು ಒಂದು ಹಳಿಯಿಂದ ಪಕ್ಕದ ಹಳಿಗೆ ದಾಟುವ ಜಾಗ, ಸರಿಮಾಡಿಕೊಳ್ಳಬೇಕಾಯಿತು. ತುದಿ ಬಿಗಿಯಾಗಿದ್ದರೆ ನಡುವೆ ಏನು ಮಾಡಿದರೂ ಅಷ್ಟೇ, ಅಲ್ವಾ?

ಒಂದು ರೈಲಿನಲ್ಲಿ ಸೀಟು ತೆಗೆಸಿಯೂ ನೋಡಿದೆವು. ಜಾಗ ಬಂತು, ಆದರೆ ಜನ ಬಾಗಿಲು ಬಿಟ್ಟು ಒಳಗೆ ಹೋಗಲಿಲ್ಲ. ಬಾಗಿಲ ನಡುವಿನ ಕಂಬ ತೆಗೆದು ಒಳಗಡೆ ಹಿಡಿಕೆ ಜಾಸ್ತಿ ಮಾಡಿದ್ದೇ ಉಪಯೋಗಕ್ಕೆ ಬಂತು.

ರೈಲುಗಳ ನಡುವಿನ ಗ್ಯಾಪ್ ಸಮ ಮಾಡಲು ಯಾವ ಸ್ಟೇಷನ್ನಿನಲ್ಲಿ, ಎಷ್ಟು ಸೆಕೆಂಡು ತಡೆಯುತ್ತೇವೆ ಅನ್ನುವುದು ನಮ್ಮ ಕಂಟ್ರೋಲ್ ರೂಮಿನ ಗುಟ್ಟು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಗಂಟೆಗೆ 28 ರೈಲನ್ನೂ ಪ್ರಯತ್ನಿಸಿದೆವು. ಅಕ್ಕಪಕ್ಕದ ಸ್ಟೇಷನ್‌ಗಳಿಂದ ರೈಲುಗಳು ಒಟ್ಟಿಗೆ ಹೊರಟಾಗ ವೋಲ್ಟೇಜ್ ಕುಸಿದು, ಲೈನಿಗೆ ಕರೆಂಟು ಕೊಡುವ ಒಂದು ಸಬ್‌ಸ್ಟೇಷನ್ ಟ್ರಿಪ್ ಆಯಿತು. ಅಲ್ಲಿಗೆ ಇನ್ನೊಂದು ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಯಂತ್ರ) ಕೇಳಿದ್ದೇವೆ, ಫೈಲು ಈಗ ಹಣಕಾಸಿನವರ ಮೇಜಿನ ಮೇಲಿದೆ.