ಪುಟ್ಟಿ: ಮನೆಯ ಕಂಪ್ಯೂಟರಿನಿಂದ ದೂರದ ಸರ್ವರ್‌ಗೆ

ವಿಂಡೋಸ್ ಕಂಪ್ಯೂಟರಿನಲ್ಲಿ ಕುಳಿತು ದೂರದ ಲಿನಕ್ಸ್ ಸರ್ವರ್‌ಗೆ ಆಜ್ಞೆ ಕೊಡಲು ಪುಟ್ಟಿ (PuTTY) ಸಾಕು. ಸೈಮನ್ ಟ್ಯಾಥಮ್ ಬರೆದ ಉಚಿತ ತಂತ್ರಾಂಶವಿದು, ಗಾತ್ರವೂ ಚಿಕ್ಕದು. ಇದರ ಹೆಸರಿನಲ್ಲಿ ಕಳ್ಳ ಪ್ರತಿಗಳೂ ಹರಿದಾಡಿವೆ. ಹಾಗಾಗಿ ಹುಡುಕಿದಾಗ ಮೊದಲು ಕಂಡ ಕೊಂಡಿಯನ್ನು ನಂಬದೆ, ಅದನ್ನು ಬರೆದವರದೇ ತಾಣದಿಂದ 64 ಬಿಟ್ ಇನ್‌ಸ್ಟಾಲರ್ ಇಳಿಸಿಕೊಳ್ಳಿ.

ಸರ್ವರ್ ನೋಡಿಕೊಳ್ಳುವವರಿಂದ ವಿಳಾಸ, ಯೂಸರ್‌ನೇಮ್, ಪೋರ್ಟ್ ಸಂಖ್ಯೆ ಪಡೆಯಿರಿ. ಸರ್ವರಿನ ಕೀ ಫಿಂಗರ್‌ಪ್ರಿಂಟನ್ನೂ, ಅಂದರೆ ಅದೇ ಸರ್ವರ್ ಎಂದು ಗುರುತಿಸಲು ನೆರವಾಗುವ ಅಕ್ಷರಗಳ ಸಾಲನ್ನೂ, ಕೇಳಿ. ಹೆಚ್ಚಿನವರು ಕೇಳದೆ ಬಿಡುವುದು ಇದನ್ನೇ.

ಪುಟ್ಟಿ ತೆರೆದಾಗ ಸೆಷನ್ ಪುಟ ಕಾಣುತ್ತದೆ. ಹೋಸ್ಟ್ ನೇಮ್ ಜಾಗದಲ್ಲಿ ವಿಳಾಸ, ಪೋರ್ಟ್‌ನಲ್ಲಿ ಅವರು ಕೊಟ್ಟ ಸಂಖ್ಯೆ (ಸಾಮಾನ್ಯವಾಗಿ 22), ಕನೆಕ್ಷನ್ ಟೈಪ್‌ನಲ್ಲಿ ಎಸ್‌ಎಸ್‌ಎಚ್ (ಮಾತುಕತೆಯನ್ನು ಗೂಢಲಿಪಿಯಲ್ಲಿ ಸಾಗಿಸುವ ವಿಧಾನ). ಹಳೆಯ ವಿಧಾನವಾದ ಟೆಲ್ನೆಟ್ (ಪೋರ್ಟ್ 23) ಬೇಡ. ಅದರಲ್ಲಿ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ, ಇದ್ದ ಹಾಗೇ ಹೋಗುತ್ತದೆ.

ಓಪನ್ ಒತ್ತುವ ಮೊದಲು ಇನ್ನೆರಡು ಕೆಲಸ. ಕನೆಕ್ಷನ್ ಪುಟದಲ್ಲಿ ಕೀಪ್‌ಅಲೈವ್ (ಸಂಪರ್ಕ ಜೀವಂತವಾಗಿಡಲು ಆಗಾಗ ಕಳಿಸುವ ಸಂಕೇತ) 0 ಇರುತ್ತದೆ, ಅದನ್ನು 60 ಸೆಕೆಂಡ್ ಮಾಡಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದಾಗ ಮನೆಯ ರೌಟರ್ ಸಂಪರ್ಕವನ್ನು ಮರೆತುಬಿಡಬಹುದು. ಎಡಪಟ್ಟಿಯಲ್ಲಿ ‘ವಿಂಡೋ’ ಕೆಳಗಿನ ಟ್ರಾನ್ಸ್‌ಲೇಷನ್‌ನಲ್ಲಿ, ಅಕ್ಷರಗಳು ಸರಿಯಾಗಿ ಕಾಣಲು, ಯುಟಿಎಫ್-8 ಇರಲಿ. ಆಮೇಲೆ ಸೆಷನ್ ಪುಟಕ್ಕೆ ಮರಳಿ, ಒಂದು ಹೆಸರು ಕೊಟ್ಟು ಸೇವ್ ಒತ್ತಿ. ಸೇವ್ ಮರೆತರೆ ಮುಂದಿನ ಸಲ ಎಲ್ಲವೂ ಮೊದಲಿನಿಂದ!

ಮೊದಲ ಸಲ ಓಪನ್ ಒತ್ತಿದಾಗ ಎಚ್ಚರಿಕೆಯ ಪೆಟ್ಟಿಗೆ ಬರುತ್ತದೆ. ಇದು ದೋಷವಲ್ಲ. ಪುಟ್ಟಿಗೆ ಈ ಸರ್ವರಿನ ಪರಿಚಯ ಇನ್ನೂ ಇಲ್ಲ, ಅಷ್ಟೇ. ಅಲ್ಲಿರುವ ಫಿಂಗರ್‌ಪ್ರಿಂಟ್ ನಿಮಗೆ ಕೊಟ್ಟಿದ್ದಕ್ಕೆ ಹೊಂದಿದರೆ ಆಕ್ಸೆಪ್ಟ್ ಒತ್ತಿ. ಪರಿಚಯವಿದ್ದ ಸರ್ವರ್‌ಗೇ ಮುಂದೊಂದು ದಿನ ಕೀ ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ ನಿಲ್ಲಿ. ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿರಬಹುದು, ನಡುವೆ ಬೇರೆ ಯಾರೋ ಕುಳಿತಿರಲೂಬಹುದು. ವಿಚಾರಿಸದೆ ಮುಂದುವರಿಯಬೇಡಿ.

ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ.

ದಿನವೂ ಬಳಸುವವರಿಗೆ ಪಾಸ್‌ವರ್ಡ್‌ಗಿಂತ ಕೀ ಒಳ್ಳೆಯದು. ಇದೊಂದು ಜೋಡಿ: ಪ್ರೈವೇಟ್ ಕೀ ನಿಮ್ಮ ಬಳಿ, ಪಬ್ಲಿಕ್ ಕೀ ಸರ್ವರಿನಲ್ಲಿ. ಜೊತೆಗೇ ಬರುವ, ಕೀ ತಯಾರಿಸುವ ಪುಟ್ಟಿಜೆನ್‌ನಲ್ಲಿ ಜನರೇಟ್ ಒತ್ತಿ ಮೌಸ್ ಆಡಿಸಿ, ಪಾಸ್‌ಫ್ರೇಸ್ (ಕೀ ಕಾಯುವ ಗುಟ್ಟಿನ ಮಾತು) ಹಾಕಿ, ಪ್ರೈವೇಟ್ ಕೀ ಉಳಿಸಿ. ಆ ಫೈಲ್ ಯಾರಿಗೂ ಕೊಡುವಂಥದ್ದಲ್ಲ. ಮೇಲಿನ ಪೆಟ್ಟಿಗೆಯಲ್ಲಿರುವ ಪಬ್ಲಿಕ್ ಕೀಯನ್ನು ಸರ್ವರಿನ ಆಥರೈಸ್ಡ್ ಕೀಸ್ (authorized_keys) ಫೈಲಿಗೆ ಒಂದೇ ಸಾಲಾಗಿ ಸೇರಿಸಬೇಕು. ಸಾಲು ತುಂಡಾದರೆ, ಅಥವಾ ಫೈಲಿನ ಅನುಮತಿ 600, ಅದಿರುವ ಫೋಲ್ಡರಿನದು 700 (ಎರಡೂ ಅದರ ಒಡೆಯರಿಗೆ ಮಾತ್ರ ಪ್ರವೇಶ ಕೊಡುವ ಸಂಖ್ಯೆಗಳು) ಇರದೆ ಸಡಿಲವಾಗಿದ್ದರೆ, ಸರ್ವರ್ ಕೀಯನ್ನು ತಿರಸ್ಕರಿಸಬಹುದು. ಕೊನೆಗೆ ಪುಟ್ಟಿಯಲ್ಲಿ ಎಸ್‌ಎಸ್‌ಎಚ್, ಅದರೊಳಗೆ ಆಥ್, ಅದರ ಕೆಳಗಿನ ಕ್ರೆಡೆನ್ಷಿಯಲ್ಸ್ ಪುಟದಲ್ಲಿ ಪ್ರೈವೇಟ್ ಕೀ ಫೈಲ್ ತೋರಿಸಿ ಮತ್ತೆ ಸೇವ್ ಮಾಡಿ.

ಸಂಪರ್ಕ ಸಿಗದಿದ್ದರೆ ಸಂದೇಶ ಓದಿ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ಪೋರ್ಟ್ ತಪ್ಪು, ಇಲ್ಲವೇ ಆ ಕಡೆ ಎಸ್‌ಎಸ್‌ಎಚ್ ಓಡುತ್ತಿಲ್ಲ. ‘ಟೈಮ್ಡ್ ಔಟ್’ ಎಂದರೆ ಉತ್ತರವೇ ಇಲ್ಲ: ಫೈರ್‌ವಾಲ್ ತಡೆದಿದೆ, ವಿಳಾಸ ತಪ್ಪಿದೆ, ಅಥವಾ ಯಂತ್ರ ಆಫ್ ಆಗಿದೆ.

ಒಳಹೊಕ್ಕ ಮೇಲೆ ಮೌಸಿನಿಂದ ಆರಿಸಿದ ಪಠ್ಯ ತಾನೇ ಕಾಪಿಯಾಗುತ್ತದೆ, ಬಲಗುಂಡಿ ಪೇಸ್ಟ್ ಮಾಡುತ್ತದೆ. ಕಂಟ್ರೋಲ್ ಸಿ ಕಾಪಿ ಮಾಡುವುದಿಲ್ಲ, ಓಡುತ್ತಿರುವ ಕೆಲಸವನ್ನು ನಿಲ್ಲಿಸುತ್ತದೆ. ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿ ಪರದೆ ಸ್ತಬ್ಧವಾದರೆ ಕಿಟಕಿ ಮುಚ್ಚಬೇಡಿ, ಕಂಟ್ರೋಲ್ ಕ್ಯೂ ಒತ್ತಿ.