ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಆಟಗಾರರು ಪರಸ್ಪರ ಮಾತಾಡಬೇಕಾದರೆ

ಮೈನ್‌ಕ್ರಾಫ್ಟ್ ಬ್ಲಾಕ್ ಜೋಡಿಸಿ ಕಟ್ಟುವ ಆಟ. ಅದರಲ್ಲಿ ಹದಿನೈದಿಪ್ಪತ್ತು ಜನರ ಸರ್ವೈವಲ್ (ಸಾಮಗ್ರಿ ತಾವೇ ಕೂಡಿಸಿ ಬದುಕುವ) ಸರ್ವರ್ ಖಾಲಿಯಾಗುವುದು ಹೆಚ್ಚಾಗಿ ಲ್ಯಾಗ್‌ನಿಂದಲ್ಲ, ಅಂದರೆ ಆಟ ತಡವರಿಸುವುದರಿಂದಲ್ಲ. ಒಬ್ಬೊಬ್ಬರೂ ಒಂದೊಂದು ಮೂಲೆಗೆ ಹೋಗಿ ಮನೆ ಕಟ್ಟಿ, ಯಾರ ಮುಖವೂ ಕಾಣದೆ ಬೇಸತ್ತು ಆಟ ಬಿಡುತ್ತಾರೆ. ಹಾಗಾಗಿ ನಾನು ಮೊದಲು ಹಾಕುವುದು ವರ್ಲ್ಡ್ ಬಾರ್ಡರ್, ಅಂದರೆ ಆಟದ ಲೋಕಕ್ಕೆ ಗಡಿ, 4000 ಬ್ಲಾಕ್‌ಗೆ. ಇದು ಪೂರ್ತಿ ಅಗಲ. ನಡುವಿನಿಂದ ಒಂದೊಂದು ದಿಕ್ಕಿಗೆ 2000 ಬ್ಲಾಕ್ ಮಾತ್ರ. 1000ಕ್ಕೆ ಇಳಿಸಿದರೆ ಮರ, ಮರಳಿಗೂ ಜಗಳ.

ಆಮೇಲೆ ಟೆಲಿಪೋರ್ಟ್, ಅಂದರೆ ನಡೆಯದೆ ಬೇರೆಡೆಗೆ ಹಾರುವುದು. ಒಬ್ಬರಿಗೆ ಒಂದೇ ಹೋಮ್ (ಹಾರಿ ಬರಲು ಗುರುತಿಟ್ಟ ಜಾಗ) ಕೊಡುತ್ತೇನೆ, ಟಿಪಿಎ (ಕೇಳಿಕೊಂಡು ಇನ್ನೊಬ್ಬ ಆಟಗಾರರ ಬಳಿಗೆ ಹಾರುವುದು) ಇಲ್ಲವೇ ಇಲ್ಲ. ಕ್ಷಣದಲ್ಲಿ ಹಾರಿ ಹೋಗುವವರು ದಾರಿಯಲ್ಲಿ ಯಾರಿಗೆ ಸಿಗುತ್ತಾರೆ? ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಇನ್ನೊಂದು ಆನ್‌ಲೈನ್ ಆಟಕ್ಕೆ 2009ರಲ್ಲಿ ಜೊತೆಗಾರರನ್ನು ತಾನೇ ಕೂಡಿಸುವ ಡಂಜನ್ ಫೈಂಡರ್ ಬಂದಾಗ ಕಾಯುವುದು ತಪ್ಪಿತು, ಜೊತೆಗಾರರನ್ನು ಕೇಳಿ ಹುಡುಕುವ ಮಾತುಕತೆಯೂ ತಪ್ಪಿತು. ಅದೇ ಆಟದ ಹಳೆಯ ರೂಪವಾಗಿ 2019ರಲ್ಲಿ ಬಂದ ಕ್ಲಾಸಿಕ್‌ನಲ್ಲಿ ಅದು ಇರಲಿಲ್ಲ.

ದೂರದ ತಾಪತ್ರಯಕ್ಕೆ ನೆದರ್ ಹಬ್ ಸಾಕು, ಅಂದರೆ ಪೋರ್ಟಲ್ ದಾಟಿ ಹೋಗುವ ನೆದರ್ ಎಂಬ ಪಾತಾಳದಂಥ ಲೋಕದಲ್ಲಿ ದಾರಿಗಳು ಕೂಡುವ ಜಾಗ. ಅಲ್ಲಿನ 1 ಬ್ಲಾಕ್ ಮೇಲಿನ 8 ಬ್ಲಾಕ್‌ಗೆ ಸಮ, ಅಂದರೆ ಗಡಿಯಲ್ಲಿರುವ ಮನೆಗೂ 250 ಬ್ಲಾಕ್ ನಡೆದರಾಯಿತು. ಎಲ್ಲ ದಾರಿಗಳೂ ಒಂದೇ ಹಜಾರಕ್ಕೆ ಬರಲಿ. ಹಜಾರದಿಂದ ಮೇಲೆ ಬರುವ ಪೋರ್ಟಲ್ ಸಂತೆಯ ನಡುವೆ ತೆರೆಯಲಿ. ವಜ್ರವೇ ದುಡ್ಡು, ಬ್ಯಾರಲ್ಲೇ ಅಂಗಡಿ. ಅಡ್ಮಿನ್ ಶಾಪ್ (ಸರ್ವರ್ ನಡೆಸುವವರೇ ಇಡುವ ಅಂಗಡಿ) ಮಾತ್ರ ಬೇಡ, ಎಲ್ಲವೂ ಅಲ್ಲೇ ಸಿಕ್ಕರೆ ಇನ್ನೊಬ್ಬರ ಅಂಗಡಿಯತ್ತ ಯಾರೂ ತಲೆ ಹಾಕುವುದಿಲ್ಲ. ಎಂಡ್ ಎಂಬ ಇನ್ನೊಂದು ಲೋಕವನ್ನೂ ಮೂರ್ನಾಲ್ಕು ವಾರ ಮುಚ್ಚಿಡಿ. ಅಲ್ಲಿನ ಎಲಿಟ್ರಾ (ಹಾರುವ ರೆಕ್ಕೆ) ಸಿಕ್ಕ ದಿನದಿಂದ ರಸ್ತೆಗಳು ಬಿಕೋ ಅನ್ನುತ್ತವೆ.

ರಾತ್ರಿ ಕಳೆಯಲು ಶೇಕಡಾ ಎಷ್ಟು ಜನ ಮಲಗಬೇಕು ಅನ್ನುವ ಗೇಮ್‌ರೂಲ್ (ಆಟದ ನಿಯಮ) ಮೂಲದಲ್ಲಿ 100 ಇರುತ್ತದೆ. ಒಬ್ಬ ಎಎಫ್‌ಕೆ ಆದರೂ (ಆಟ ತೆರೆದಿಟ್ಟು ಎದ್ದುಹೋದರೂ) ಎಲ್ಲರೂ ಸಿಕ್ಕಿಬೀಳುತ್ತಾರೆ. 1ಕ್ಕೆ ಇಟ್ಟರೆ ಯಾರನ್ನೂ ಕೇಳಬೇಕಾಗಿಲ್ಲ. 50 ಇಟ್ಟರೆ "ಇನ್ನಿಬ್ಬರು ಮಲಗ್ರಪ್ಪಾ" ಅನ್ನುವ ಕೂಗು ಚಾಟ್‌ನಲ್ಲಿ ತಾನಾಗಿ ಏಳುತ್ತದೆ. ಚಾಟ್‌ನಲ್ಲಿ ಕನ್ನಡ ಲಿಪಿಯ ಒತ್ತಕ್ಷರಗಳು ಒಡೆದು ಕಾಣುವುದರಿಂದ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ಬರೆಯಲಿ ಬಿಡಿ, ತಿದ್ದಲು ಹೋದರೆ ಇದ್ದ ಮಾತೂ ನಿಲ್ಲುತ್ತದೆ.

ಧ್ವನಿಗೆ ಸಿಂಪಲ್ ವಾಯ್ಸ್ ಚಾಟ್ ಅನ್ನುವ ಮಾಡ್ (ಆಟಕ್ಕೆ ಸೇರಿಸುವ ತಂತ್ರಾಂಶ) ಒಳ್ಳೆಯದು, ಹತ್ತಿರ ಬಂದವರ ದನಿಯಷ್ಟೇ ಕೇಳುತ್ತದೆ. ಮೂಲ ದೂರ 48 ಬ್ಲಾಕ್. ಸಂತೆಯಲ್ಲಿ ಅದು ಬರೀ ಗದ್ದಲ, 24 ಸಾಕು. ಆಟಗಾರರೂ ತಮ್ಮ ಕಡೆ ಮಾಡ್ ಹಾಕಿಕೊಂಡಿರಬೇಕು. ಎಲ್ಲರಿಗೂ ಸಂಪರ್ಕ ಕಡಿದ ಗುರುತು ಕಂಡರೆ ಮೊದಲು ಸರ್ವರ್‌ನಲ್ಲಿ ಯುಡಿಪಿ 24454 ಪೋರ್ಟ್ (ಧ್ವನಿ ಹಾದುಹೋಗುವ ದಾರಿ) ತೆರೆದಿದೆಯೇ ನೋಡಿ. ಆಟದ ಪೋರ್ಟ್ ಟಿಸಿಪಿ ಅನ್ನುವ ಬೇರೆ ಬಗೆಯದಾದ್ದರಿಂದ ಅದೊಂದನ್ನೇ ತೆರೆದು, ಇದನ್ನು ಮರೆತಿರುವುದೇ ಹೆಚ್ಚು.