ಮದುವೆ ವಿಡಿಯೊ ಎಡಿಟಿಂಗ್‌ಗೆ ನಾನೇ ಜೋಡಿಸಿದ ಕಂಪ್ಯೂಟರ್

ಸಾಗರ, ಸೊರಬ, ಹೊಸನಗರ ಕಡೆಯ ಸ್ಟುಡಿಯೊದವರಿಗೆ ಮದುವೆ ವಿಡಿಯೊ ಎಡಿಟ್ ಮಾಡಿಕೊಡುವುದು ನನ್ನ ಕೆಲಸ. ಶೂಟಿಂಗ್ ಅವರದು, ಕತ್ತರಿ ನನ್ನದು. ಮೂರು ಗಂಟೆಯ ಪೂರ್ತಿ ವಿಡಿಯೊ, ಐದು ನಿಮಿಷದ ಹೈಲೈಟ್ಸ್, ಮೊಬೈಲಿಗೆ ಒಂದು ಟೀಸರ್. ವರ್ಷಗಟ್ಟಲೆ ಇಷ್ಟೂ ಒಂದು ಲ್ಯಾಪ್‌ಟಾಪ್‌ನಲ್ಲೇ ನಡೆಯಿತು. ಸ್ಟುಡಿಯೊದವರು ಹೊಸ ಕ್ಯಾಮೆರಾ ಕೊಂಡ ಮೇಲೆ ಅದು ಏದುಸಿರು ಬಿಡಲು ಶುರು ಮಾಡಿತು.

2023ರಲ್ಲಿ ಆಷಾಢ ಮುಗಿಯುತ್ತಿದ್ದ ಹಾಗೆ ಅಧಿಕ ಶ್ರಾವಣ ಬಂತು. ಹತ್ತಿರ ಹತ್ತಿರ ಎರಡು ತಿಂಗಳು ಮದುವೆಯ ಸದ್ದಿಲ್ಲ. ಹೊಸ ಸಿಸ್ಟಮ್ ಜೋಡಿಸಲು ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ದುಡ್ಡು ಕೊಟ್ಟರೆ ಅಂಗಡಿಯವರೇ ಅಸೆಂಬಲ್ ಮಾಡಿ ಕೊಡುತ್ತಾರೆ, ನಿಜ. ಆದರೆ ಸೀಸನ್ ನಡುವೆ ಏನಾದರೂ ಕೆಟ್ಟರೆ ಸಾಗರದಲ್ಲಿ ಕೂತು ಬಿಚ್ಚುವವನು ನಾನೇ. ಬಿಚ್ಚಬೇಕಾದವನೇ ಜೋಡಿಸಿದರೆ ಒಳ್ಳೆಯದು ಅಲ್ವಾ?

ಪಾರ್ಟ್‌ಗಳ ಪಟ್ಟಿ ಬರೆಯುವ ಮೊದಲು ನಾನು ಮಾಡಿದ್ದು ಒಂದೇ ಕೆಲಸ. ಹಳೇ ಲ್ಯಾಪ್‌ಟಾಪ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಎಡಿಟಿಂಗ್‌ಗೆ ಕೂತೆ. ಕೆಲಸ ಎಲ್ಲಿ ನಿಲ್ಲುತ್ತದೆ ಅಂತ ನೋಡುವುದು, ದುಡ್ಡು ಅಲ್ಲಿಗೇ ಹಾಕುವುದು. ಮೂರು ಕ್ಯಾಮೆರಾದ ಧಾರೆ ದೃಶ್ಯವನ್ನು ಒಟ್ಟಿಗೆ ಓಡಿಸಿದರೆ ಪ್ರೊಸೆಸರ್ ನೂರಕ್ಕೆ ನೂರು. ರ್‍ಯಾಮ್ ಹೆಚ್ಚುಕಮ್ಮಿ ಭರ್ತಿ. ಗ್ರಾಫಿಕ್ಸ್ ಆರಾಮಾಗಿ ಕೂತಿದೆ. ಡಿಸ್ಕ್ ಅಂತೂ ನಿದ್ದೆ ಮಾಡುತ್ತಿದೆ.

ಡಿಸ್ಕ್ ಯಾಕೆ ಸುಮ್ನೆ ಕೂತಿತ್ತು ಅನ್ನುವುದಕ್ಕೆ ಲೆಕ್ಕ ಸುಲಭ. ನನಗೆ ಬರುವ 4ಕೆ ಫೈಲ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 100 ಮೆಗಾಬಿಟ್‌ನವು. ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. ಮೂರು ಕ್ಯಾಮೆರಾ ಸೇರಿದರೂ 37.5. ಸಾಧಾರಣ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500ಕ್ಕಿಂತ ಜಾಸ್ತಿ ಕೊಡುತ್ತದೆ. ಹಾಗಿದ್ದಾಗ 7000 ಕೊಡುವ ಎಸ್‌ಎಸ್‌ಡಿಗೆ ದುಡ್ಡು ಸುರಿದರೆ ನನ್ನ ಟೈಮ್‌ಲೈನ್ ಒಂದಿಷ್ಟೂ ಚುರುಕಾಗುವುದಿಲ್ಲ.

ಹಾಗಾದರೆ ಪ್ರೊಸೆಸರ್ ಯಾಕೆ ಒದ್ದಾಡುತ್ತಿತ್ತು? ಫೈಲ್ ಇರುವ ರೂಪವೇ ಕಾರಣ. ಹೊಸ ಕ್ಯಾಮೆರಾಗಳು ಎಚ್.265 ಅನ್ನುವ, ವಿಡಿಯೊವನ್ನು ಅದುಮಿ ಚಿಕ್ಕದು ಮಾಡುವ ವಿಧಾನದಲ್ಲಿ, 10 ಬಿಟ್, 4:2:2 ಬಣ್ಣದಲ್ಲಿ ಬರೆಯುತ್ತವೆ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. 4:2:2 ಅಂದರೆ ಬಣ್ಣದ ವಿವರ ಅಡ್ಡಕ್ಕೆ ಮಾತ್ರ ಅರ್ಧ. 4:2:0ದಲ್ಲಿ ಅಡ್ಡಕ್ಕೂ ಉದ್ದಕ್ಕೂ ಅರ್ಧ. ಕಲ್ಯಾಣ ಮಂಟಪದ ನೀಲಿ, ಗುಲಾಬಿ ಎಲ್‌ಇಡಿ ಬೆಳಕಲ್ಲಿ ಅರಿಸಿನ ಮೆತ್ತಿದ ಮುಖದ ಬಣ್ಣ ಸರಿ ಮಾಡುವವರಿಗೆ ಇದರ ಬೆಲೆ ಗೊತ್ತು. ಆದರೆ ಇಷ್ಟು ಗಟ್ಟಿಯಾಗಿ ಅದುಮಿಟ್ಟ ಚಿತ್ರವನ್ನು ಪ್ರತಿ ಸಲ ಬಿಡಿಸಿಯೇ ತೋರಿಸಬೇಕು. ಬಿಡಿಸಲು ಚಿಪ್‌ನಲ್ಲಿ ಬೇರೆ ಎಂಜಿನ್ ಇದ್ದರೆ ಸಲೀಸು. ಇಲ್ಲದಿದ್ದರೆ ಪ್ರೊಸೆಸರ್ ಬೆವರು ಸುರಿಸಬೇಕು.

ಇಲ್ಲೇ ನನ್ನ ಪಟ್ಟಿ ಗೇಮ್ ಆಡುವವರ ಪಟ್ಟಿಯಿಂದ ಬೇರೆಯಾಯಿತು. ಎನ್‌ವಿಡಿಯಾ ಕಂಪನಿಯ 30 ಮತ್ತು 40ರ ಸರಣಿಯ ಗ್ರಾಫಿಕ್ಸ್ ಕಾರ್ಡ್‌ಗಳು 4:2:0 ಫೈಲ್‌ಗಳನ್ನು ಚೆನ್ನಾಗಿ ಬಿಡಿಸುತ್ತವೆ, 4:2:2 ಬಂದರೆ ಮುಟ್ಟುವುದಿಲ್ಲ. 4:2:2 ಅವರ ಕಾರ್ಡಿಗೆ ಬಂದಿದ್ದು 50ರ ಸರಣಿಯಲ್ಲಿ, 2025ರಲ್ಲಿ. ಆದರೆ ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ 11ನೇ ತಲೆಮಾರಿನಿಂದಲೇ ಎಚ್.265 4:2:2 ಬಿಡಿಸುತ್ತದೆ. ಇದನ್ನು ಕ್ವಿಕ್ ಸಿಂಕ್ ಅನ್ನುತ್ತಾರೆ. ನಾನು ಪೂರ್ತಿ ವಿಡಿಯೊ ಕತ್ತರಿಸುವುದು ಎಡಿಯಸ್‌ನಲ್ಲಿ. ನಮ್ಮ ಕಡೆ ಮದುವೆ ಎಡಿಟರ್‌ಗಳಲ್ಲಿ ಎಷ್ಟೋ ಜನ ಇನ್ನೂ ಅದರಲ್ಲೇ ಇದ್ದಾರೆ. ಅದೂ ಮೊದಲಿನಿಂದ ಕ್ವಿಕ್ ಸಿಂಕ್ ನಂಬಿದ ಸಾಫ್ಟ್‌ವೇರ್. ಅಲ್ಲಿಗೆ ಪ್ರೊಸೆಸರ್ ಇಂಟೆಲ್ ಅಂತ ಖಾತ್ರಿಯಾಯಿತು. ಇನ್ನೊಂದು ಕಂಪನಿ ಎಎಂಡಿಯ ಪ್ರೊಸೆಸರ್ ಕೆಟ್ಟದ್ದು ಅಂತಲ್ಲ. ಪ್ರೋಗ್ರಾಮ್ ಬರೆಯುವ ನನ್ನ ತಮ್ಮ ಕೇಳಿದ್ದರೆ ಎಎಂಡಿಯನ್ನೇ ತಗೋ ಅನ್ನುತ್ತಿದ್ದೆ.

ಇಂಟೆಲ್‌ನಲ್ಲೂ ಎರಡು ಕಡೆ ಕಣ್ಣಿಡಬೇಕು. ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಬೆಲೆ ಸ್ವಲ್ಪ ಕಮ್ಮಿ ಅಂತ ಅಂಗಡಿಗಳಲ್ಲಿ ಮೊದಲು ಇದನ್ನೇ ತೋರಿಸುತ್ತಾರೆ. ನನ್ನಂಥವರಿಗೆ ಅದು ಬೇಡವೇ ಬೇಡ. ಇನ್ನೊಂದು, ಐ5-13400ರಲ್ಲಿ ಇರುವುದು ಯುಎಚ್‌ಡಿ 730 ಗ್ರಾಫಿಕ್ಸ್, ವಿಡಿಯೊ ಬಿಡಿಸುವ ಎಂಜಿನ್ ಒಂದೇ. ಐ5-13500ರಲ್ಲಿ ಯುಎಚ್‌ಡಿ 770, ಎಂಜಿನ್ ಎರಡು. ಜೊತೆಗೆ 10 ಕೋರ್ ಬದಲು 14. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸುವವನಿಗೆ ಆ ಎರಡನೇ ಎಂಜಿನ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. 13500 ತೆಗೆದುಕೊಂಡೆ.

ಒಂದು ಮಾತು ಹೇಳಿಬಿಡಬೇಕು. ಕೆಲವು ಕ್ಯಾಮೆರಾಗಳು 10 ಬಿಟ್ 4:2:2 ಚಿತ್ರವನ್ನು ಹಳೇ ವಿಧಾನವಾದ ಎಚ್.264ರಲ್ಲೇ ಬರೆಯುತ್ತವೆ. ಅದನ್ನು ಈ ಇಂಟೆಲ್ ಎಂಜಿನ್ ಕೂಡ ಬಿಡಿಸುವುದಿಲ್ಲ. ಅಂಥ ಫೈಲ್ ಬಂದರೆ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಹಗುರವಾದ ನಕಲು, ಮಾಡಿಕೊಂಡೇ ಕೆಲಸ. ಈಗ ಸ್ಟುಡಿಯೊದವರಿಗೆ ಶೂಟಿಂಗ್‌ಗೆ ಮೊದಲೇ ಫೋನ್ ಮಾಡುತ್ತೇನೆ: "ಮಾರಾಯ್ರೆ, ಮೆನುವಿನಲ್ಲಿ ಎಚ್.265 ಇಟ್ಕೊಳ್ಳಿ." ಆ ಫೋನಿಗೆ ಖರ್ಚಿಲ್ಲ, ಉಪಯೋಗ ಮಾತ್ರ ಯಾವ ಪಾರ್ಟಿಗಿಂತ ಕಮ್ಮಿಯಿಲ್ಲ.

ಗ್ರಾಫಿಕ್ಸ್ ಕಾರ್ಡ್ ಹಾಗಾದರೆ ಬೇಡವಾ? ಎಡಿಯಸ್ ಒಂದೇ ಆಗಿದ್ದರೆ ಬಿಟ್ಟೇ ಬಿಡುತ್ತಿದ್ದೆ. ಆದರೆ ಹೈಲೈಟ್ಸ್‌ನ ಬಣ್ಣದ ಕೆಲಸ ಡಾವಿಂಚಿ ರಿಸಾಲ್ವ್ ಅನ್ನುವ ಸಾಫ್ಟ್‌ವೇರ್‌ನಲ್ಲಿ. ರಾತ್ರಿ ರಿಸೆಪ್ಷನ್‌ನ ಕಾಳು ಕಾಳು ಚಿತ್ರವನ್ನು ನುಣುಪು ಮಾಡುವ ನಾಯ್ಸ್ ರಿಡಕ್ಷನ್ ಅದರ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ ಇದೆ. ಒಮ್ಮೆ ದುಡ್ಡು ಕೊಟ್ಟರೆ ಆಯಿತು, ವರ್ಷ ವರ್ಷ ಕೊಡಬೇಕಿಲ್ಲ. ಈ ಕೆಲಸ ಕಾರ್ಡಿನ ಮೆಮೊರಿಯನ್ನು ಗಬಗಬ ನುಂಗುತ್ತದೆ. ಆಗ ತಾನೇ, ಜೂನ್ ಕೊನೆಗೆ, ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಕಾರ್ಡ್ ಬಂದಿತ್ತು. ಹೊಸದು, 115 ವ್ಯಾಟ್‌ನಲ್ಲಿ ಮುಗಿಸುತ್ತದೆ, ಆದರೆ ಮೆಮೊರಿ 8 ಜಿಬಿ. 2021ರ ಆರ್‌ಟಿಎಕ್ಸ್ 3060 ಹಳೇದು, 170 ವ್ಯಾಟ್ ತಿನ್ನುತ್ತದೆ, ಮೆಮೊರಿ ಮಾತ್ರ 12 ಜಿಬಿ. ಗೇಮ್ ಆಡುವವನಾಗಿದ್ದರೆ ಹೊಸದನ್ನೇ ತರುತ್ತಿದ್ದೆ. 4ಕೆ ಟೈಮ್‌ಲೈನ್‌ನಲ್ಲಿ ಮೆಮೊರಿ ಸಾಲದೆ ರೆಂಡರ್ ಅರ್ಧಕ್ಕೆ ನಿಲ್ಲುವುದು ನನಗೆ ಬೇಡವಾಗಿತ್ತು. 3060 ಬಂತು. 3060 ಹೆಸರಲ್ಲೇ 8 ಜಿಬಿಯದೂ ಒಂದು ಇದೆ. ಡಬ್ಬಿಯ ಮೇಲೆ 12 ಅಂತ ಓದಿಯೇ ದುಡ್ಡು ಎಣಿಸಬೇಕು.

ಮದರ್‌ಬೋರ್ಡ್ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಬಿ760 ಚಿಪ್‌ಸೆಟ್, ಡಿಡಿಆರ್4 ಮೆಮೊರಿ ಹಿಡಿಯುವ ಬೋರ್ಡ್, ನಾಲ್ಕು ರ್‍ಯಾಮ್ ಸ್ಲಾಟ್, ಎಸ್‌ಎಸ್‌ಡಿ ಕೂರಿಸಲು ಎರಡು ಎಂ.2 ಸ್ಲಾಟ್. ಬಿ660 ಸ್ವಲ್ಪ ಅಗ್ಗ. ಆದರೆ ಅಂಗಡಿಯಲ್ಲಿ ಕೂತ ಹಳೇ ಸ್ಟಾಕ್ ಆದರೆ ಬಯೋಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವ ತನಕ 13ನೇ ತಲೆಮಾರಿನ ಪ್ರೊಸೆಸರ್ ಅದಕ್ಕೆ ಗುರುತು ಸಿಗುವುದಿಲ್ಲ. ಮೊದಲ ಸಲ ಜೋಡಿಸುವವನಿಗೆ ಆ ತಲೆನೋವು ಯಾಕೆ?

ರ್‍ಯಾಮ್ 32 ಜಿಬಿ, 16ರ ಎರಡು ಕಡ್ಡಿ. 32ರ ಒಂದೇ ಕಡ್ಡಿ ಹಾಕಿದರೆ ಒಂದೇ ಚಾನೆಲ್‌ನಲ್ಲಿ ಓಡುತ್ತದೆ. ಒಳಗಿನ ಗ್ರಾಫಿಕ್ಸ್ ಇದೇ ರ್‍ಯಾಮ್ ಹಂಚಿಕೊಳ್ಳುವುದರಿಂದ ಎರಡು ಚಾನೆಲ್ ನನಗೆ ಬೇಕೇ ಬೇಕಿತ್ತು. ಇನ್ನೆರಡು ಸ್ಲಾಟ್ ಖಾಲಿ ಬಿಟ್ಟೆ. ಆಗ ಡಿಡಿಆರ್4 ತುಂಬ ಅಗ್ಗ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿದ ರೀತಿ ನೋಡಿದರೆ, ಈಗ ಕೊಳ್ಳುವವರು ಈ ಒಂದು ಸಾಲನ್ನು ಬೇರೆಯೇ ಲೆಕ್ಕ ಹಾಕಬೇಕು. ಹಳೇ ಸಿಸ್ಟಮ್‌ನಿಂದ ಬಿಚ್ಚಿದ ಡಿಡಿಆರ್4 ಕಡ್ಡಿ ಮನೆಯಲ್ಲಿದ್ದರೆ ಮಾರಬೇಡಿ.

ಇನ್ನು ಕರೆಂಟ್. ಮಲೆನಾಡಿನಲ್ಲಿ ಕೂತು ಕಂಪ್ಯೂಟರ್ ಜೋಡಿಸುವವನು ಇಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಅಭಿಪ್ರಾಯ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲು, ಮಳೆಗಾಲದಲ್ಲಿ ಲೈನ್ ಮೇಲೆ ಮರ. ಬೆಂಗಳೂರಿನಲ್ಲಿ ಕೂತು ಪಾರ್ಟ್ ಪಟ್ಟಿ ಹಾಕಿಕೊಡುವವರು ಎಸ್‌ಎಂಪಿಎಸ್ (ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಹಂಚುವ ಡಬ್ಬಿ) ಮತ್ತು ಯುಪಿಎಸ್‌ಗೆ ಉಳಿದ ಚಿಲ್ಲರೆ ಇಡುತ್ತಾರೆ. ನಾನು ಮೊದಲೇ ಎತ್ತಿಟ್ಟೆ.

ಲೆಕ್ಕ ಹೀಗೆ. 13500 ಪೂರ್ತಿ ದುಡಿದರೆ 154 ವ್ಯಾಟ್ ವರೆಗೆ ಎಳೆಯುತ್ತದೆ. ಕಾರ್ಡ್ 170. ಬೋರ್ಡ್, ಡಿಸ್ಕ್, ಫ್ಯಾನ್ ಸೇರಿ 50 ಅಂತಿಟ್ಟುಕೊಳ್ಳಿ. 374 ಆಯಿತು. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ಇನ್ನೂ ಜಾಸ್ತಿ ಜಗ್ಗುವುದುಂಟು. ಹಾಗಾಗಿ 650 ವ್ಯಾಟ್‌ನ ಬ್ರಾಂಜ್ ಎಸ್‌ಎಂಪಿಎಸ್. ಈ ಬ್ರಾಂಜ್, ಗೋಲ್ಡ್ ಅನ್ನುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಅಳತೆ ಅಷ್ಟೇ. ಒಳಗಿನ ಮಾಲು ಗಟ್ಟಿಯೋ ಅಂತ ಅದು ಹೇಳುವುದಿಲ್ಲ. ಅದಕ್ಕೆ ವಾರಂಟಿ ಎಷ್ಟು ವರ್ಷ ಅಂತ ನೋಡಿದೆ. ಐದು ವರ್ಷ ಕೊಡುವವನು ತನ್ನ ಮಾಲಿನ ಮೇಲೆ ಅಷ್ಟಾದರೂ ನಂಬಿಕೆ ಇಟ್ಟಿರುತ್ತಾನೆ. ಕ್ಯಾಬಿನೆಟ್ ಜೊತೆ ಬಿಟ್ಟಿ ಬರುವ ಎಸ್‌ಎಂಪಿಎಸ್‌ಗೆ ದೂರದಿಂದಲೇ ಕೈ ಮುಗಿಯಬೇಕು.

ಯುಪಿಎಸ್ ಅಂದರೆ ಎಲ್ಲರೂ 600 ವಿಎ ಹೇಳುತ್ತಾರೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ 360 ವ್ಯಾಟ್ ಅಂತ ಬರೆದಿರುತ್ತದೆ. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ನನ್ನ 374 ಅದಕ್ಕೆ ಭಾರ, ಮಾನಿಟರ್ ಇನ್ನೂ ಸೇರಿಸಿಯೇ ಇಲ್ಲ. ಅದಕ್ಕೆ 1100 ವಿಎ, 660 ವ್ಯಾಟ್‌ನದು. ಅದು ಕೊಡುವುದು ಕೆಲವೇ ನಿಮಿಷ. ಪ್ರಾಜೆಕ್ಟ್ ಸೇವ್ ಮಾಡಿ ಬಂದ್ ಮಾಡಲು ಅಷ್ಟು ಸಾಕು. ಮನೆಯ ಫ್ಯಾನ್, ಲೈಟಿನ ಇನ್ವರ್ಟರ್‌ಗೆ ಕಂಪ್ಯೂಟರ್ ಸಿಕ್ಕಿಸಲಿಲ್ಲ. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್. ಈಗಿನ ಎಸ್‌ಎಂಪಿಎಸ್‌ಗಳಿಗೂ ಅದಕ್ಕೂ ಸರಿ ಹೊಂದುವುದಿಲ್ಲ. ಕರೆಂಟ್ ಹೋದಾಗ ಅದು ಬದಲಾಯಿಸಿಕೊಳ್ಳುವ ಹೊತ್ತೂ ಜಾಸ್ತಿ.

ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿದೆ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಇಟ್ಟರೆ ಒಂದೆರಡು ವೋಲ್ಟ್ ತೋರಿಸಬೇಕು. ಹತ್ತು, ಇಪ್ಪತ್ತು ತೋರಿಸಿದರೆ ಅರ್ಥಿಂಗ್ ಗುಂಡಿಯ ಕಡೆ ಗಮನ ಕೊಡಬೇಕು. ಉಪ್ಪು, ಇದ್ದಿಲು ಹಾಕಿ ನೀರು ಸುರಿಯುವ ಹಳೇ ಗುಂಡಿ ಬೇಸಿಗೆಯಲ್ಲಿ ಒಣಗಿ ಹೋಗಿರುತ್ತದೆ. ಸಿಡಿಲಿನ ದಿನ ಮಾತ್ರ ಯಾವ ಯುಪಿಎಸ್ ಮೇಲೂ ಭರವಸೆ ಇಲ್ಲ, ಪ್ಲಗ್ ಕಿತ್ತಿಡುತ್ತೇನೆ. ಜೊತೆಗೆ ಲ್ಯಾನ್ ಕೇಬಲ್ ಕೂಡ.

ಸ್ಟೋರೇಜ್‌ಗೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಅದರ ಪಕ್ಕ 4 ಟಿಬಿ ಹಾರ್ಡ್‌ಡಿಸ್ಕ್. ಗಂಟೆಗೆ 45 ಜಿಬಿ, ಮೂರು ಕ್ಯಾಮೆರಾ, ಐದು ಗಂಟೆ ಅಂದರೆ ಒಂದು ಮದುವೆಗೆ 675 ಜಿಬಿ. ನಡೆಯುತ್ತಿರುವ ಮದುವೆ ಎಸ್‌ಎಸ್‌ಡಿಯಲ್ಲಿ, ಮುಗಿದದ್ದು ಹಾರ್ಡ್‌ಡಿಸ್ಕ್‌ಗೆ. ಎಸ್‌ಎಸ್‌ಡಿ ಆರಿಸುವಾಗ ವೇಗಕ್ಕಿಂತ ಕ್ಯೂಎಲ್‌ಸಿ ಅಲ್ಲ ತಾನೇ ಅಂತ ವಿಚಾರಿಸಿದೆ. ಕ್ಯೂಎಲ್‌ಸಿ ಡಿಸ್ಕ್‌ಗಳು ಮೊದಲು ಒಂದಿಷ್ಟು ಜಿಬಿ ಸರಸರ ಬರೆಯುತ್ತವೆ, ಕ್ಯಾಶ್ ತುಂಬಿದ ಮೇಲೆ ಹಾರ್ಡ್‌ಡಿಸ್ಕ್‌ನ ನಡಿಗೆಗೆ ಇಳಿಯುತ್ತವೆ. ಮನೆಯ ಬಳಕೆಗೆ ಅದು ಗೊತ್ತೇ ಆಗುವುದಿಲ್ಲ. ಒಂದೇ ಸಲ ನೂರಾರು ಜಿಬಿ ಸುರಿಯುವ ನಮಗೆ ಗೊತ್ತಾಗುತ್ತದೆ.

ಕ್ಯಾಬಿನೆಟ್ ಮುಂದೆ ಗಾಜು ಇರುವುದು ಬಿಟ್ಟು ಜಾಲರಿ ಇರುವುದನ್ನು ಆರಿಸಿದೆ. ಬಣ್ಣಬಣ್ಣದ ಲೈಟ್ ಬೇಡ, ಬಣ್ಣ ನೋಡುವ ಕೋಣೆಯಲ್ಲಿ ಅದು ಕಣ್ಣಿಗೆ ಮೋಸ ಮಾಡುತ್ತದೆ. ಪ್ರೊಸೆಸರ್ ಡಬ್ಬಿಯಲ್ಲಿ ಬಂದ ಕೂಲರ್ ಸಾಧಾರಣ ಕೆಲಸಕ್ಕೆ ಸಾಕು. ಗಂಟೆಗಟ್ಟಲೆ ರೆಂಡರ್‌ಗೆ ಸಾಲದು ಅಂತ ಎರಡು ಸಾವಿರದ ಟವರ್ ಕೂಲರ್ ಹಾಕಿದೆ. ಎಷ್ಟು ಎತ್ತರದ ಕೂಲರ್ ಹಿಡಿಯುತ್ತದೆ ಅಂತ ಕ್ಯಾಬಿನೆಟ್ ವಿವರದಲ್ಲೇ ಇರುತ್ತದೆ. ಈ ಪ್ರೊಸೆಸರ್ ಕೂರುವ ಎಲ್‌ಜಿಎ 1700 ಸಾಕೆಟ್‌ನ ಕ್ಲಾಂಪ್ ಜೊತೆಗಿದೆಯಾ ಅಂತಲೂ ಕೇಳಿಕೊಳ್ಳಬೇಕು.

ಕೊಂಡಿದ್ದು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ. ಸಾಗರ ಜಂಬಗಾರಿನಿಂದ ರಾತ್ರಿ ರೈಲು, ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಪಟ್ಟಿ ಕೈಯಲ್ಲಿ ಹಿಡಿದು ಬೇರೆ ಬೇರೆ ಅಂಗಡಿಯಲ್ಲಿ ಕೊಟೇಷನ್ ಬರೆಸಿಕೊಂಡೆ. "ಗೇಮಿಂಗಾ ಸರ್?" ಅನ್ನುವುದು ಎಲ್ಲ ಕಡೆ ಮೊದಲ ಪ್ರಶ್ನೆ. "ಎಡಿಟಿಂಗ್, ಎಫ್ ಇಲ್ಲದ 13500 ಬೇಕು, ಬಾಕ್ಸ್ ಪೀಸ್" ಅಂದ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ. ಡಬ್ಬಿ ಇಲ್ಲದ ಟ್ರೇ ಪೀಸ್ ಅಗ್ಗಕ್ಕೆ ಸಿಗುತ್ತದೆ, ಆದರೆ ಇಂಟೆಲ್‌ನ ಮೂರು ವರ್ಷದ ವಾರಂಟಿ ಬಾಕ್ಸ್ ಪೀಸಿಗೆ. ಬಿಲ್ ಇಲ್ಲದೆ ಒಂದು ರೇಟ್, ಬಿಲ್‌ಗೆ ಒಂದು ರೇಟ್ ಅಂದವರೂ ಇದ್ದರು. 18 ಪರ್ಸೆಂಟ್ ಜಿಎಸ್‌ಟಿ ಕೊಟ್ಟೇ ಬಿಲ್ ಮಾಡಿಸಿದೆ, ಒಂದೊಂದು ಪಾರ್ಟಿನ ಸೀರಿಯಲ್ ನಂಬರ್ ಸಮೇತ. ಊರಿನಿಂದ ಕೊರಿಯರ್‌ನಲ್ಲಿ ವಾರಂಟಿಗೆ ಕಳಿಸುವವನಿಗೆ ಆ ಕಾಗದವೇ ಆಧಾರ. ಮಾನಿಟರ್ ಬಿಟ್ಟು ಎಲ್ಲ ಸೇರಿ ಒಂದು ಲಕ್ಷದ ಒಳಗೆ ಮುಗಿಯಿತು. ಮಾನಿಟರ್ ಆಮೇಲೆ ಬಂತು. 27 ಇಂಚಿನ ಐಪಿಎಸ್, ಕಂಪ್ಯೂಟರ್ ತೆರೆಗಳ ಮಾಮೂಲಿ ಬಣ್ಣದ ಅಳತೆಯಾದ ಎಸ್‌ಆರ್‌ಜಿಬಿ ಪೂರ್ತಿ ತೋರಿಸುವಂಥದ್ದು. ಟಿವಿಗೆ ಹೋಗುವ ವಿಡಿಯೊದ ಬಣ್ಣದ ಅಳತೆಯಾದ ರೆಕ್ 709ರ ಮೂಲ ಬಣ್ಣಗಳೂ ಎಸ್‌ಆರ್‌ಜಿಬಿಯ ಮೂಲ ಬಣ್ಣಗಳೂ ಒಂದೇ. ಅದಕ್ಕಿಂತ ಅಗಲದ ಬಣ್ಣಕ್ಕೆ ನನ್ನ ಗಿರಾಕಿಗಳ ಮನೆಯಲ್ಲಿ ಕೆಲಸವಿಲ್ಲ.

ಜೋಡಿಸುವ ವಿಧಾನ ಇಲ್ಲಿ ಬರೆಯುವುದಿಲ್ಲ, ಬೋರ್ಡಿನ ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ಆದರೆ ಆನ್ ಆದ ಕೂಡಲೇ ಬಯೋಸ್‌ನಲ್ಲಿ ಎರಡು ಕಡೆ ಕೈ ಹಾಕಬೇಕು. ಒಂದು ಎಕ್ಸ್‌ಎಂಪಿ. ಅದನ್ನು ಆನ್ ಮಾಡುವ ತನಕ ನನ್ನ 3200ರ ರ್‍ಯಾಮ್ 2666ರಲ್ಲೇ ಓಡುತ್ತಿತ್ತು. ಇನ್ನೊಂದು ಐಜಿಪಿಯು ಮಲ್ಟಿ ಮಾನಿಟರ್. ಬೇರೆ ಕಾರ್ಡ್ ಸಿಕ್ಕಿಸಿದ್ದು ಕಂಡರೆ ಎಷ್ಟೋ ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸ್‌ನ ಬಾಗಿಲು ಹಾಕಿಬಿಡುತ್ತವೆ. ಯಾವ ಎಂಜಿನ್‌ಗಾಗಿ ಇಷ್ಟೆಲ್ಲ ಹುಡುಕಾಡಿದೆನೋ ಅದು ವಿಂಡೋಸ್‌ಗೆ ಕಾಣುವುದೇ ಇಲ್ಲ. ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 0, ಜಿಪಿಯು 1 ಎರಡೂ ಕಂಡ ಮೇಲೆ ರಿಸಾಲ್ವ್‌ನ ಪ್ರಿಫರೆನ್ಸಸ್‌ಗೆ ಹೋಗಿ ಡಿಕೋಡ್‌ಗೆ ಇಂಟೆಲ್ ಕ್ವಿಕ್ ಸಿಂಕ್ ಆರಿಸಬೇಕು. ಮೂರು ಕ್ಯಾಮೆರಾದ ಧಾರೆ ಓಡುವಾಗ ಈಗ ವಿಡಿಯೊ ಡಿಕೋಡ್ ಅನ್ನುವ ಗೆರೆ ಮೇಲೇರುತ್ತದೆ, ಪ್ರೊಸೆಸರ್ ಅರ್ಧದ ಕೆಳಗೇ ಇರುತ್ತದೆ.